ಸುಳಿಗೆ ಯಾಕೆ ಸಾಕ್ಷಿ ಕೇಳುತ್ತೀರಿ?

ಹೋದ ವರ್ಷ ಒಂದು ಕಲಾ ಪ್ರದರ್ಶನಕ್ಕೆ ನಾನೊಂದು ಚಿತ್ರ ಕೊಟ್ಟಿದ್ದೆ. 18 ಇಂಚು ಎತ್ತರ, 24 ಇಂಚು ಅಗಲದ ಕ್ಯಾನ್ವಾಸ್, ಅಕ್ರಿಲಿಕ್. ಚಿತ್ರದ ತುಂಬ ನೀರು. ದೋಣಿಯಿಲ್ಲ, ದಡವಿಲ್ಲ, ಸೂರ್ಯನಿಲ್ಲ, ಹಕ್ಕಿಯಿಲ್ಲ. ಮೇಲಿನಿಂದ ಬರುವ ಹಸಿರು ನೀರು ಕೆಳಗಿನಿಂದ ಏರುವ ನೀಲಿ ನೀರಿಗೆ ಸಿಕ್ಕಿ ಸುತ್ತುತ್ತದೆ. ಪಟ್ಟಿಪಟ್ಟಿಯಾಗಿ, ಎಳೆಎಳೆಯಾಗಿ, ಒಂದರೊಳಗೆ ಒಂದು. ಕಡಲು ನೋಡಿದವರು ಯಾರೂ ಇದನ್ನು ಕಡಲಿನ ಫೋಟೊ ಅಂದುಕೊಳ್ಳುವುದಿಲ್ಲ. ನಾನು ಮಾಡಬೇಕೆಂದುಕೊಂಡದ್ದೂ ಫೋಟೊ ಅಲ್ಲ.

ಆಯ್ಕೆ ಸಮಿತಿಯ ಹಿರಿಯರೊಬ್ಬರು ಚಿತ್ರದ ಮುಂದೆ ಸುಮಾರು ಹೊತ್ತು ನಿಂತರು. ಆಮೇಲೆ ನನ್ನ ಅರ್ಜಿ ನೋಡಿದರು. ಅದರಲ್ಲಿ ಊರಿನ ಹೆಸರಿತ್ತು, ತಂದೆಯ ಉದ್ಯೋಗ ಇತ್ತು. ನಾನು ಇವತ್ತಿಗೂ ಮತ್ತೆ ಮತ್ತೆ ಯೋಚಿಸುವುದು ಆ ಕ್ರಮವನ್ನು: ಮೊದಲು ಚಿತ್ರ, ನಂತರ ಅರ್ಜಿ, ನಂತರ ಮಾತು. "ಚೆನ್ನಾಗಿದೆಯಮ್ಮ. ಆದರೆ ಇದು ಡಿಸೈನ್ ಆಯ್ತು. ನೀವು ಮೀನುಗಾರರ ಮನೆಯವರು. ನಿಮ್ಮ ಅನುಭವ ಎಲ್ಲಿದೆ ಇದರಲ್ಲಿ?" ಒಂದು ದೋಣಿ, ಒಂದು ಹರಿದ ಬಲೆ, ಬುಟ್ಟಿ ಹೊತ್ತ ತಾಯಿ, ಏನಾದರೂ ಇರಬೇಕಿತ್ತಂತೆ. ಇಲ್ಲವಾದರೆ ಚಿತ್ರದ ಪಕ್ಕದಲ್ಲಿ ನನ್ನ ಹಿನ್ನೆಲೆಯ ಬಗ್ಗೆ ನೂರು ಪದದ ಟಿಪ್ಪಣಿಯನ್ನಾದರೂ ಅಂಟಿಸಬಹುದು, ಆಗ ನೋಡುವವರಿಗೆ 'ಪ್ರವೇಶ' ಸಿಗುತ್ತದೆ ಅಂದರು.

ಅವರು ಕೆಟ್ಟವರಲ್ಲ. ನನ್ನ ಪರವಾಗಿಯೇ ಮಾತಾಡುತ್ತಿದ್ದೇನೆ ಎಂದು ಅವರಿಗೆ ಪೂರ್ತಿ ನಂಬಿಕೆಯಿತ್ತು. ಈ ಬರಹ ಬರೆಯಬೇಕಾಗಿ ಬಂದದ್ದು ಅದಕ್ಕೇ. ಕೆಟ್ಟವರಾಗಿದ್ದರೆ ಬಸ್ಸಿನಲ್ಲಿ ಬೈದುಕೊಂಡು ಮನೆಗೆ ಹೋಗಿ ಮರೆತುಬಿಡುತ್ತಿದ್ದೆ. ಅದೇ ಗೋಡೆಯ ಮೇಲೆ ಇನ್ನೊಬ್ಬ ವಿದ್ಯಾರ್ಥಿಯ ಅಮೂರ್ತ ಚಿತ್ರವೊಂದಿತ್ತು: ಕಿತ್ತಳೆ ಚೌಕಗಳು, ನಡುವೆ ಒಂದು ಕಪ್ಪು ಗೆರೆ. ನಿಜವಾಗಿಯೂ ಒಳ್ಳೆಯ ಚಿತ್ರ. ಅವನ ಅಪ್ಪನ ಉದ್ಯೋಗ ಏನೆಂದು ಯಾರೂ ನೋಡಲಿಲ್ಲ. ಚೌಕದಲ್ಲಿ ನಿನ್ನ ಅನುಭವ ಎಲ್ಲಿದೆ ಮಾರಾಯ ಎಂದು ಯಾರೂ ಕೇಳಲಿಲ್ಲ. ಅವನಿಗೆ ಬಣ್ಣ ಸಾಕು. ನನಗೆ ಬಣ್ಣದ ಜೊತೆಗೆ ಪ್ರಮಾಣಪತ್ರವೂ ಬೇಕು.

ನನ್ನ ತಕರಾರು ಇಷ್ಟೇ. ಕರಾವಳಿಯವರು, ದುಡಿಯುವವರ ಮನೆಯವರು, ಕೆಳಗಿನಿಂದ ಬಂದವರು ಚಿತ್ರ ಬರೆದರೆ, ಕಥೆ ಬರೆದರೆ, ಅದು ವರದಿಯಾಗಿರಬೇಕು ಎಂಬ ಒಂದು ಅಲಿಖಿತ ಕಾಯಿದೆ ನಮ್ಮ ಸಾಂಸ್ಕೃತಿಕ ವಲಯದಲ್ಲಿ ಜಾರಿಯಲ್ಲಿದೆ. ಅಲಂಕಾರ, ಶೈಲಿ, ಆಟ, ಸುಮ್ಮನೆ ಚಂದ ಎಂಬ ಕಾರಣಕ್ಕೆ ಮಾಡಿದ ಒಂದು ತಿರುವು, ಇವೆಲ್ಲ ಹೊಟ್ಟೆ ತುಂಬಿದವರ ಆಸ್ತಿ. ನಮಗಿರುವುದು ಸಾಕ್ಷಿ ಹೇಳುವ ಕೆಲಸ. ಈ ಕಾಯಿದೆಯನ್ನು ನಾನು ಒಪ್ಪುವುದಿಲ್ಲ. ಇದರಲ್ಲಿ ಅನ್ಯಾಯವಂತೂ ಇದ್ದೇ ಇದೆ. ನೀರಿನ ಬಗೆಗಿನ ಅಜ್ಞಾನವೂ ಅಷ್ಟೇ ಇದೆ. ಮೊದಲು ಅಜ್ಞಾನದ ಮಾತಾಡೋಣ.

ಸುತ್ತುವ ನೀರು ಬರಿಯ 'ಡಿಸೈನ್' ಅನ್ನುವವರು ದಡದಲ್ಲಿ ನಿಂತು ಕಡಲು ನೋಡಿದವರು. ದಡದಿಂದ ಕಾಣುವುದು ಮೇಲ್ಮೈ. ತೆರೆಗಳು ಸಾಲಾಗಿ ನಮ್ಮ ಕಡೆಗೆ ಬರುತ್ತಿವೆ, ನೀರೂ ಹಾಗೇ ಬರುತ್ತಿದೆ ಅನಿಸುತ್ತದೆ. ಆಳದ ಕಡಲಿನಲ್ಲಿ ತೆರೆ ಮುಂದೆ ಹೋಗುತ್ತದೆ, ನೀರು ಹೋಗುವುದಿಲ್ಲ. ತೆರೆಯ ನೆತ್ತಿ ಹಾದುಹೋಗುವಾಗ ಅಲ್ಲಿನ ನೀರು ಮುಂದಕ್ಕೆ ಸರಿಯುತ್ತದೆ, ತಗ್ಗು ಬಂದಾಗ ಹಿಂದಕ್ಕೆ. ಒಟ್ಟಾರೆ ನೀರಿನ ಪ್ರತಿ ಕಣವೂ ಹೆಚ್ಚುಕಡಿಮೆ ಒಂದು ವೃತ್ತ ಸುತ್ತಿ ತಾನಿದ್ದಲ್ಲಿಗೇ ವಾಪಸು ಬರುತ್ತದೆ. ಕೆಳಗಿಳಿದಂತೆ ಈ ವೃತ್ತ ಸಣ್ಣದಾಗುತ್ತ ಹೋಗುತ್ತದೆ. ಒಂದು ತೆರೆಯಿಂದ ಇನ್ನೊಂದು ತೆರೆಗೆ ಇರುವ ದೂರದ ಅರ್ಧದಷ್ಟು ಆಳಕ್ಕೆ ಹೋದರೆ ಅಲುಗಾಟ ಇಲ್ಲವೆನ್ನುವಷ್ಟು ಕಡಿಮೆ. ದಡ ಹತ್ತಿರವಾದಂತೆ ತಳ ಅಡ್ಡ ಬಂದು ವೃತ್ತ ಚಪ್ಪಟೆಯಾಗುತ್ತದೆ, ತೆರೆ ಎತ್ತರವಾಗಿ ಮಗುಚಿ ಮುರಿಯುತ್ತದೆ. ಲಂಗರು ಹಾಕಿದ ದೋಣಿಯಲ್ಲಿ ಕೂತವರಿಗೆ ಇದನ್ನು ಯಾರೂ ಪಾಠ ಮಾಡಬೇಕಿಲ್ಲ, ಹೊಟ್ಟೆ ತೊಳಸುವಾಗ ತಾನೇ ಗೊತ್ತಾಗುತ್ತದೆ. ಅಂದರೆ ಕಡಲಿನ ಒಳಗೆ ವೃತ್ತಗಳಿವೆ. ನುಣುಪಾದ ಮೇಲ್ಮೈಯನ್ನು, ಅದರ ಮೇಲೆ ಹೊಳೆಯುವ ಬಿಸಿಲನ್ನು ಯಥಾವತ್ತಾಗಿ ಬರೆದ ಚಿತ್ರಕ್ಕೆ ಇದರ ಸುಳಿವೇ ಇಲ್ಲ. ಪಟ್ಟಿಪಟ್ಟಿಯಾಗಿ ಸುತ್ತುವ ನನ್ನ 'ಡಿಸೈನ್'ಗೆ ಸ್ವಲ್ಪವಾದರೂ ಇದೆ.

ಸುಳಿವು ಅಂದೆ. ಸುಳಿ, ಸುಳಿವು, ಸುಳಿದಾಟ: ಕನ್ನಡ ಈ ಮೂರನ್ನೂ ಒಂದೇ ಕುಟುಂಬದಲ್ಲಿ ಇಟ್ಟಿದೆ. ನೀರಿನ ಸುಳಿ, ತಲೆಯ ಸುಳಿ, ಬಾಳೆಯ ಸುಳಿ. ನನ್ನ ತಲೆಯಲ್ಲಿ ಎರಡು ಸುಳಿಯಿದೆ ಎಂದು ಅಜ್ಜಿ ಎರಡು ಮದುವೆಯ ಭವಿಷ್ಯ ಹೇಳಿದ್ದರು. ಸದ್ಯಕ್ಕೆ ಪಿಎಚ್‌ಡಿಯೊಂದೇ ಆಗಿದೆ, ಅದೂ ಮುಗಿದಿಲ್ಲ. ಲಿಯೊನಾರ್ಡೊ ಡ ವಿಂಚಿ ಐನೂರು ವರ್ಷಗಳ ಹಿಂದೆ ನೀರಿನ ಸುಳಿಗಳನ್ನು ಪುಟಗಟ್ಟಲೆ ಬರೆದ. ನೀರಿನ ಚಲನೆ ಕೂದಲಿನ ಹಾಗಿದೆ, ಕೂದಲಿಗೆ ಒಂದು ಭಾರದ ಸೆಳೆತ, ಒಂದು ಸುರುಳಿಯ ಸೆಳೆತ ಇರುವ ಹಾಗೆ ನೀರಿಗೂ ಎರಡು ಸೆಳೆತಗಳಿವೆ ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡ. ಆ ಹಾಳೆ ಈಗ ವಿಂಡ್ಸರ್ ಕೋಟೆಯ ಸಂಗ್ರಹದಲ್ಲಿದೆ. ಅದನ್ನು ಮೊದಲ ಸಲ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ, ಸ್ವಲ್ಪ ಹೆಮ್ಮೆಯಾಯಿತು. ನೀರಿನದಕ್ಕೂ ನೆತ್ತಿಯದಕ್ಕೂ ಒಂದೇ ಪದ ಇಟ್ಟ ಭಾಷೆಯವಳು ನಾನು. ಅವನ ಪ್ರಳಯದ ಚಿತ್ರಗಳನ್ನು ನೋಡಿ: ಬೆಟ್ಟ, ಊರು, ಮರ ಎಲ್ಲವನ್ನೂ ನುಂಗುವ ನೀರು ಸುರುಳಿಸುರುಳಿಯಾಗಿ, ಹೆಚ್ಚುಕಡಿಮೆ ಹೆಣೆದ ಜಡೆಯ ಹಾಗೆ ಇದೆ. ಅವನಷ್ಟು ದಿಟ್ಟಿಸಿ ನೋಡಿದ ಮನುಷ್ಯನ ಕೈಯಲ್ಲೂ ನೀರು ಕೊನೆಗೆ ವಿನ್ಯಾಸವೇ ಆಯಿತು. ನೋಡುವುದನ್ನು ಬಿಟ್ಟಿದ್ದಕ್ಕೆ ಹಾಗಾದದ್ದಲ್ಲ.

ಇನ್ನೊಂದು ಆಪಾದನೆ, ಇದು ಜಪಾನಿನದು, ನಮ್ಮದಲ್ಲ ಅನ್ನುವುದು. ಹೌದು, ನಾನು ಹೊಕುಸಾಯಿಯಿಂದ ಕಲಿತಿದ್ದೇನೆ, ಮುಚ್ಚಿಡುವುದೇನಿದೆ? ಆದರೆ ಅವನ 'ಮಹಾ ತೆರೆ'ಯನ್ನು ಮಗ್ಗು, ಟೀಶರ್ಟು, ಮೊಬೈಲ್ ಕವರಿನ ಮೇಲೆ ನೋಡಿದವರಲ್ಲಿ ಎಷ್ಟು ಮಂದಿ ಅದರೊಳಗಿನ ಮೂರು ದೋಣಿಗಳನ್ನು ನೋಡಿದ್ದಾರೆ? 1831ರ ಹೊತ್ತಿಗೆ ಅಚ್ಚಾದ ಆ ಚಿತ್ರದಲ್ಲಿ ತೆರೆಯ ಉಗುರುಗಳ ಕೆಳಗೆ ಮೂರು ಉದ್ದ ದೋಣಿಗಳಿವೆ. ಮೀನನ್ನು ಬೇಗ ಪೇಟೆಗೆ ಮುಟ್ಟಿಸುವ ದೋಣಿಗಳು ಅವು. ಹುಟ್ಟು ಹಾಕುವವರು ತಲೆ ತಗ್ಗಿಸಿ ದೋಣಿಗೆ ಅಂಟಿಕೊಂಡಿದ್ದಾರೆ. ದುಡಿಯುವವರ ಭಯ ಮತ್ತು ಅಲಂಕಾರ ಒಂದೇ ಹಾಳೆಯಲ್ಲಿ, ಒಂದೇ ಗೆರೆಯಲ್ಲಿ ಇವೆ. ಅಲಂಕಾರ ಹೆಚ್ಚಾಯಿತು ಎಂದು ಭಯ ಕಡಿಮೆಯಾಗಿಲ್ಲ. ಇನ್ನು ಆ ಚಿತ್ರದ 'ಜಪಾನಿ' ನೀಲಿ ಹುಟ್ಟಿದ್ದು ಬರ್ಲಿನ್ನಿನಲ್ಲಿ, 18ನೇ ಶತಮಾನದ ಮೊದಲ ದಶಕದಲ್ಲಿ, ಕೆಂಪು ಬಣ್ಣ ಮಾಡಲು ಹೊರಟವರ ಕೈತಪ್ಪಿನಿಂದ. ಪ್ರಷ್ಯನ್ ನೀಲಿ ಎಂದು ಅದರ ಹೆಸರು. ಹಡಗು ಹತ್ತಿ ಬಂದ ಆ ರಾಸಾಯನಿಕ ಬಣ್ಣ ಅಗ್ಗವಾಗಿ ಸಿಗತೊಡಗಿದಾಗ ಹೊಕುಸಾಯಿ ಎರಡೂ ಕೈಯಲ್ಲಿ ಬಾಚಿಕೊಂಡ. ಆಗ ಅವನ ವಯಸ್ಸು ಎಪ್ಪತ್ತರ ಆಸುಪಾಸು. ಶುದ್ಧ ದೇಸಿ ಬಣ್ಣ ಬೇಕು ಎಂದು ಹಟ ಹಿಡಿದಿದ್ದರೆ ಆ ಕಡಲು ಇರುತ್ತಿರಲಿಲ್ಲ. 1845ರಲ್ಲಿ, 85ರ ಮುದುಕನಾಗಿ, ಒಬುಸೆ ಎಂಬ ಬೆಟ್ಟದ ನಡುವಿನ ಊರಿನ ಹಬ್ಬದ ತೇರಿನ ಒಳಮಾಳಿಗೆಗೆ ಅವನು ಮತ್ತೆ ಎರಡು ತೆರೆಗಳ ಹಲಗೆ ಬರೆದ. ಅದರಲ್ಲಿ ದೋಣಿಯೂ ಇಲ್ಲ, ಬೆಟ್ಟವೂ ಇಲ್ಲ. ನೀರು ಸುತ್ತುತ್ತ ಸುತ್ತುತ್ತ ನಡುವಿನ ಕತ್ತಲೆಯ ಕಡೆಗೆ ಹೋಗುತ್ತದೆ. ನನ್ನ ಚಿತ್ರದ ಅಜ್ಜ ಯಾರು ಎಂದರೆ ಆ ಹಲಗೆಗಳು. ತೇರಿಗೆ ಬರೆದದ್ದು ಎಂಬುದೂ ನನಗೆ ಇಷ್ಟ. ನಮ್ಮಲ್ಲೂ ತೇರನ್ನು ಬೋಳಾಗಿ ಯಾರೂ ಎಳೆಯುವುದಿಲ್ಲ.

'ನಮ್ಮದಲ್ಲ' ಅನ್ನುವವರಿಗೆ ಒಂದೆರಡು ಪ್ರಶ್ನೆ. ವಿದಿಶಾದ ಹತ್ತಿರದ ಉದಯಗಿರಿಯಲ್ಲಿ, 5ನೇ ಶತಮಾನದ ಆ ದೊಡ್ಡ ವರಾಹ ಭೂದೇವಿಯನ್ನು ಎತ್ತುವ ಕಡಲು ಹೇಗಿದೆ? ಕಲ್ಲಿನಲ್ಲಿ ಸಾಲುಸಾಲು ಅಂಕುಡೊಂಕು ಗೆರೆ. ಮೇವಾಡದ ಕಿರುಚಿತ್ರಗಳಲ್ಲಿ ನೀರು ಹೇಗಿದೆ? ಬುಟ್ಟಿ ಹೆಣೆದ ಹಾಗೆ. ನಮ್ಮ ಬಡಗುತಿಟ್ಟಿನ ಆಟದಲ್ಲಿ 'ಲಂಕಾದಹನ' ನಡೆಯುವಾಗ ಹನುಮಂತ ದಾಟುವ ಸಮುದ್ರ ಎಲ್ಲಿದೆ? ಒಂದು ಹನಿ ನೀರಿಲ್ಲ, ನೀಲಿ ಬಟ್ಟೆಯೂ ಬೇಕಿಲ್ಲ. ಚೆಂಡೆ ಇದೆ, ಹೆಜ್ಜೆ ಇದೆ, ರಂಗಸ್ಥಳದ ಸುತ್ತ ಹಾಕುವ ಸುತ್ತು ಇದೆ. ಬೆಳಗಿನ ಜಾವ ಮೂರಕ್ಕೆ ಗದ್ದೆಯಲ್ಲಿ ಚಾಪೆ ಹಾಸಿ ಕೂತ ಮೀನುಗಾರರು, ಕೂಲಿಯವರು, ಮಕ್ಕಳು ಯಾರೂ ಎದ್ದು ನಿಂತು 'ಇದು ಕಡಲಿನ ಹಾಗಿಲ್ಲ' ಎಂದದ್ದನ್ನು ನಾನು ನೋಡಿಲ್ಲ. ಎರಡು ಜನ ಹಿಡಿದು ನಿಲ್ಲುವ ಬಟ್ಟೆಗೂ ಕಡಲಲ್ಲಿ ಏಳುವುದಕ್ಕೂ ನಾವು ಹೇಳುವುದು ಒಂದೇ ಮಾತು: ತೆರೆ. ಶೈಲೀಕರಣ ಓದಿದವರ ಸೊತ್ತು, ಜನಸಾಮಾನ್ಯರಿಗೆ ಬೇಕಾದದ್ದು ವಾಸ್ತವ ಎಂಬ ತೀರ್ಮಾನಕ್ಕೆ ಬಂದವರು ಒಂದು ರಾತ್ರಿಯೂ ಆ ಗದ್ದೆಯಲ್ಲಿ ಕೂತಿರಲಿಕ್ಕಿಲ್ಲ. ನಾನು ಕಂಡ ಹಾಗೆ ಅತಿ ಕಡಿಮೆ ವಾಸ್ತವದ ಕಲೆಯನ್ನು ಅತಿ ಹೆಚ್ಚು ಪ್ರೀತಿಯಿಂದ ನೋಡುವವರು ನಮ್ಮ ಕೇರಿಯವರೇ.

ಈಗ ಅಕ್ರಿಲಿಕ್ ವಿಷಯ. ಅದರ ಮೇಲೂ ಒಂದು ತಾತ್ಸಾರವಿದೆ: ತೈಲವರ್ಣ ಗಂಭೀರ, ಜಲವರ್ಣ ಸೂಕ್ಷ್ಮ, ಅಕ್ರಿಲಿಕ್ ಎಂದರೆ ವಾರಾಂತ್ಯದ ಹವ್ಯಾಸಿಗಳದ್ದು. ನನಗೆ ಅದು ಒದಗಿದ್ದು ಸೀದಾ ಕಾರಣಕ್ಕೆ. ಹಾಸ್ಟೆಲಿನ ಎರಡು ಮಂಚದ ಕೋಣೆಯಲ್ಲಿ ಟರ್ಪೆಂಟೈನ್ ವಾಸನೆ ಎಬ್ಬಿಸಿದರೆ ರೂಮ್‌ಮೇಟ್ ಓಡಿಸುತ್ತಾಳೆ. ತೈಲವರ್ಣ ಒಣಗಲು ದಿನಗಟ್ಟಲೆ ಬೇಕು. ಅಕ್ರಿಲಿಕ್ಕಿಗೆ ನೀರು ಸಾಕು, ಏಪ್ರಿಲ್‌ನಲ್ಲಿ ಹತ್ತು ನಿಮಿಷಕ್ಕೆ ಒಣಗುತ್ತದೆ. ಫೆಲೋಶಿಪ್ ದುಡ್ಡು ತಡವಾಗಿ ಬರುವ ತಿಂಗಳುಗಳಲ್ಲಿ ಅಲ್ಟ್ರಾಮರೀನ್, ಥಾಲೊ ನೀಲಿ, ಥಾಲೊ ಹಸಿರು, ಟೈಟಾನಿಯಂ ಬಿಳಿ, ಚೂರು ಕಂದು, ಈ ಐದು ಟ್ಯೂಬಿನಲ್ಲಿ ಇಡೀ ಕಡಲು ಮುಗಿಯುತ್ತದೆ.

ಸುಲಭ ಎಂದುಕೊಳ್ಳಬೇಡಿ. ಬೇಗ ಒಣಗುವುದೇ ಅದರ ಗುಣ, ಅದರ ಶಾಪವೂ ಅದೇ. ಉದ್ದ ತಿರುವಿನ ಒಂದು ಪಟ್ಟಿ ಎಳೆಯುವಾಗ ಅರ್ಧದಲ್ಲಿ ಬಣ್ಣ ಕಚ್ಚಿಕೊಂಡು ನಿಂತುಬಿಡುತ್ತದೆ. ಅಲ್ಲಿಂದ ಮತ್ತೆ ಶುರು ಮಾಡಿದರೆ ಸೇರಿದ ಜಾಗ ಗಾಯದ ಹೊಲಿಗೆಯ ಹಾಗೆ ಕಾಣುತ್ತದೆ. ಅದಕ್ಕೇ ನೀರು ಚಿಮುಕಿಸುವ ಬಾಟಲಿ ಎಡಗೈಯಲ್ಲಿ, ಕುಂಚ ಬಲಗೈಯಲ್ಲಿ. ಇನ್ನೊಂದು ಮೋಸ: ಹಸಿಯಾಗಿದ್ದಾಗ ಬಣ್ಣವನ್ನು ಹಿಡಿದಿಡುವ ಅಂಟು ಹಾಲಿನ ಹಾಗೆ ಬೆಳ್ಳಗಿರುತ್ತದೆ, ಒಣಗಿದ ಮೇಲೆ ಪಾರದರ್ಶಕವಾಗುತ್ತದೆ. ಹಾಗಾಗಿ ನೀವು ಹಚ್ಚಿದ ನೀಲಿಗಿಂತ ಉಳಿಯುವ ನೀಲಿ ಯಾವತ್ತೂ ಒಂದು ಪಟ್ಟು ಕಪ್ಪು. ಸಂಜೆ ಮಲಗುವಾಗ ಇದ್ದ ಕಡಲು ಬೆಳಿಗ್ಗೆ ಇರುವುದಿಲ್ಲ. ಇದನ್ನು ಮುಂಚೆಯೇ ಲೆಕ್ಕ ಹಾಕಿ, ಬೇಕಾದ್ದಕ್ಕಿಂತ ತಿಳಿಯಾಗಿ ಬೆರೆಸಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

ಸುಳಿ ಬರೆಯುವುದಂತೂ ಬೇರೆಯೇ ಪಾಠ. ನನ್ನ ಮೊದಲ ಸುಳಿಯನ್ನು ನೋಡಿ ತಮ್ಮ ಕೇಳಿದ್ದು, "ಅಕ್ಕ, ಜಿಲೇಬಿಗೆ ನೀಲಿ ಬಣ್ಣ ಯಾಕೆ?" ಸರಿಯಾಗಿಯೇ ಕೇಳಿದ್ದ. ಎಲ್ಲ ಗೆರೆಗಳನ್ನೂ ನಡುವಿನ ಒಂದು ಬಿಂದುವಿಗೆ ತಂದು ಮುಗಿಸಿದ್ದೆ. ಹಾಗೆ ಮಾಡಿದರೆ ಅದು ಬಸವನಹುಳುವಿನ ಚಿಪ್ಪಾಗುತ್ತದೆ, ನೀರಾಗುವುದಿಲ್ಲ. ನೀರು ಎಲ್ಲಿಂದಲೋ ಬರಬೇಕು, ಸುತ್ತಬೇಕು, ಎಲ್ಲಿಗೋ ಹೋಗಬೇಕು. ಪಟ್ಟಿಗಳು ನಡುವಿಗೆ ಹೋದಂತೆ ಸಪೂರವಾಗಬೇಕು. ಒಂದು ಗೆರೆ ಇನ್ನೊಂದನ್ನು ದಾಟಕೂಡದು. ದಾಟಿದ ಕೂಡಲೇ ಅದು ನೀರಲ್ಲ, ಗಂಟುಬಿದ್ದ ದಾರ. ಎರಡು ಪಟ್ಟಿಗಳ ನಡುವೆ ಅಡಿಬಣ್ಣ ಕೂದಲಿನಷ್ಟು ಇಣುಕುವಂತೆ ಬಿಡಬೇಕು, ಉಸಿರಾಡುವುದು ಅಲ್ಲಿಂದ. ಬಿಳಿ ನೊರೆ ಕೊನೆಗೆ, ಎಷ್ಟು ಬೇಕೋ ಅದರ ಅರ್ಧ. ಅಮ್ಮ ಅಂಗಳದಲ್ಲಿ ಎಳೆ ರಂಗೋಲಿ ಹಾಕುವಾಗ ಕೈಯೆತ್ತದೆ ತಿರುಗಿಸುವ ಅಭ್ಯಾಸವನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ವಿಡಿಯೊ ನೋಡಿ ಕಲಿಯುವಾಗ ಉಳಿದವರಿಗಿಂತ ಬೇಗ ಬಂದದ್ದು ಅದೊಂದೇ.

ವಿಡಿಯೊ ಅಂದೆ, ಅದಕ್ಕೂ ಉತ್ತರ ಹೇಳಿಬಿಡುತ್ತೇನೆ. ಎರಡು ಗಂಟೆಯಲ್ಲಿ ಸಮುದ್ರ ಕಲಿಸುವ ಶಿಬಿರಗಳಿವೆ. ಅಲ್ಲಿ ಇಪ್ಪತ್ತು ಮಂದಿ ಬರೆದ ಇಪ್ಪತ್ತು ಸುಳಿಗಳೂ ಒಂದೇ ತರ. ಕೆಫೆಗಳ ಗೋಡೆಯಲ್ಲಿ, ಹೋಮ್‌ಸ್ಟೇಗಳ ಶೌಚಾಲಯದ ಬಾಗಿಲ ಮೇಲೆ ಅವು ತೂಗುತ್ತಿವೆ. ಅವುಗಳಲ್ಲಿ ಬಹುಪಾಲು ಸತ್ತ ಸುಳಿಗಳು. ಎಲ್ಲಿಂದಲೂ ಬಂದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸೂತ್ರ ಎಂಬುದು ಶೈಲೀಕರಣದಲ್ಲಿ ಮಾತ್ರ ಇದೆಯೇ? ತೆಂಗಿನ ಮರ, ಕೆಂಪು ಸೂರ್ಯ, ಕಪ್ಪು ದೋಣಿ: ಇದೂ ಸೂತ್ರ, ಪಕ್ಕಾ 'ವಾಸ್ತವ'ದ ಸೂತ್ರ. ಇನ್ನು ಹರಿದ ಬಲೆ, ಖಾಲಿ ದೋಣಿ, ಸುಕ್ಕುಗಟ್ಟಿದ ಮುಖದ ಮೀನುಗಾರ್ತಿ, ಮೇಲಾಗಿ ಕಪ್ಪುಬಿಳುಪು? ಅದೂ ಕ್ಯಾಲೆಂಡರೇ. ಒಂದು ಕ್ಯಾಲೆಂಡರನ್ನು ಪ್ರವಾಸಿಗಳು ಕೊಳ್ಳುತ್ತಾರೆ, ಇನ್ನೊಂದನ್ನು ಸಮಿತಿಗಳು ಆಯ್ಕೆ ಮಾಡುತ್ತವೆ. ಮೀನು ಮಾರುವ ನನ್ನ ದೊಡ್ಡಮ್ಮ ಬಂಗುಡೆ ಬುಟ್ಟಿ ಇಳಿಸಿ, ಮೊಬೈಲ್ ಹಿಡಿದ ಫೋಟೊಗ್ರಾಫರನ್ನು ನೋಡಿದ ತಕ್ಷಣ ನಗು ನಿಲ್ಲಿಸಿ ದುಃಖದ ಮುಖ ಮಾಡುತ್ತಾರೆ. ಅವರಿಗೆ ಗೊತ್ತಾಗಿದೆ, ನಗುವ ಫೋಟೊ ಯಾರಿಗೂ ಬೇಡ. ಫೋಟೊ ತೆಗೆದವನು ಹೋದ ಮೇಲೆ ನಗು ಮುಂದುವರಿಯುತ್ತದೆ, ಇನ್ನೂ ಜೋರಾಗಿ.

ನನ್ನ ಮೇಲೆ ಹೊರಿಸಬಹುದಾದ ನಿಜವಾದ ಆರೋಪವೊಂದಿತ್ತು, ಅದನ್ನು ಆ ಸಮಿತಿಯಲ್ಲಿ ಯಾರೂ ಹೊರಿಸಲಿಲ್ಲ. ಅಕ್ರಿಲಿಕ್ ಎಂದರೆ ಪ್ಲಾಸ್ಟಿಕ್. ಕುಂಚ ತೊಳೆದ ನೀರನ್ನು ಸಿಂಕಿಗೆ ಸುರಿದರೆ ಅದರ ಕಣಗಳು ಚರಂಡಿಯಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ಕಡಲಿನ ಚಿತ್ರ ಬರೆಯುತ್ತ ಕಡಲಿಗೆ ಪ್ಲಾಸ್ಟಿಕ್ ಕುಡಿಸುವುದು! ಅಪ್ಪಯ್ಯನ ಬಲೆಯಲ್ಲಿ ಬೂತಾಯಿಯ ಜೊತೆ ಬರುವ ಕವರು, ಬಾಟಲಿ, ಹಗ್ಗದ ತುಂಡುಗಳನ್ನು ನೋಡಿ ಬೆಳೆದವಳು ನಾನು. ಈಗ ತೊಳೆದ ನೀರನ್ನು ಬಕೆಟಿನಲ್ಲಿ ತಳ ಕಟ್ಟಲು ಬಿಟ್ಟು, ಮೇಲಿನದನ್ನು ಹಳೆ ಬಟ್ಟೆಯಲ್ಲಿ ಸೋಸಿ, ಗಸಿಯನ್ನು ಒಣಗಿಸಿ ಕಸಕ್ಕೆ ಹಾಕುತ್ತೇನೆ. ಪೂರ್ತಿ ಪರಿಹಾರವಲ್ಲ. 'ನಿಮ್ಮ ಕಲೆಯಲ್ಲಿ ಕಡಲಿನ ರಾಜಕೀಯ ಎಲ್ಲಿದೆ' ಎಂದು ಕೇಳಬೇಕೆಂದಿದ್ದವರು ಬಕೆಟ್ ನೋಡಬೇಕಿತ್ತು. ಕ್ಯಾನ್ವಾಸಿನಲ್ಲಿ ಬಲೆ ಹುಡುಕುತ್ತ ನಿಂತರು.

ನಾನು ಓದುವುದು ಕನ್ನಡ ಸಾಹಿತ್ಯ. ಪಿಎಚ್‌ಡಿಯ ವಿಷಯ ಕನ್ನಡ ಕಥನದಲ್ಲಿ ಕಡಲು. ಹಾಗಾಗಿ ಈ ಕಾಯಿದೆ ಎಲ್ಲಿಂದ ಬಂತು ಎಂಬುದು ನನಗೆ ತಕ್ಕಮಟ್ಟಿಗೆ ಗೊತ್ತು. ಅದರ ಹುಟ್ಟಿನಲ್ಲಿ ದೊಡ್ಡ ನ್ಯಾಯವಿತ್ತು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ದಲಿತ-ಬಂಡಾಯ ಚಳವಳಿ ಕೇಳಿದ ಪ್ರಶ್ನೆಗಳಿಲ್ಲದಿದ್ದರೆ ನನ್ನಂಥವಳು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ, 'ನಮ್ಮ ಬದುಕೂ ಸಾಹಿತ್ಯ' ಎಂದು ಹೇಳಲು ಬಾಯಿ ಇರುತ್ತಿರಲಿಲ್ಲ. ಅನುಭವಕ್ಕೆ ಬೆಲೆ ಬಂದದ್ದು ಅಲ್ಲಿಂದ. ಆದರೆ ಬಾಗಿಲು ತೆರೆದ ಪ್ರಶ್ನೆಯನ್ನೇ ಈಗ ಬಾಗಿಲಲ್ಲಿ ನಿಂತ ಕಾವಲುಗಾರ ಕೇಳುತ್ತಿದ್ದಾನೆ. 'ನಿಮ್ಮ ಅನುಭವವೂ ಒಳಗೆ ಬರಲಿ' ಎಂಬುದು 'ಅನುಭವ ತೋರಿಸಿದರೆ ಮಾತ್ರ ಒಳಗೆ' ಎಂದಾಗಿದೆ. ಆ ಚಳವಳಿಯ ಕಾಲದ ಅತ್ಯುತ್ತಮ ಬರಹವೇ ಈ ಕಾಯಿದೆಗೆ ಬಗ್ಗಲಿಲ್ಲ ಎಂಬುದನ್ನು ಎಲ್ಲರೂ ಮರೆತ ಹಾಗಿದೆ. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ಮಂಚ ಮಾತಾಡುತ್ತದೆ. ಮನೆಮನೆಯ ದೀಪಗಳ ಜೋತಮ್ಮಂದಿರು ರಾತ್ರಿ ಒಂದೆಡೆ ಸೇರಿ ಸುದ್ದಿ ಹೇಳಿಕೊಳ್ಳುತ್ತಾರೆ. ಅದಕ್ಕಿಂತ ಶೈಲೀಕೃತವಾದ ಗದ್ಯ ಕನ್ನಡದಲ್ಲಿ ಎಷ್ಟಿದೆ? ಅದಕ್ಕಿಂತ ಹೆಚ್ಚು ನೋವು ತಿಳಿದ ಗದ್ಯವಾದರೂ ಎಷ್ಟಿದೆ?

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಪ್ರದರ್ಶನದಿಂದ ವಾಪಸು ಬಂದ ವಾರ ನನ್ನ ಪ್ರಬಂಧದ ಮೂರನೇ ಅಧ್ಯಾಯವನ್ನು ತೆಗೆದು ನೋಡಿದೆ. ಕರಾವಳಿಯ ಕಥೆಗಾರ್ತಿಯೊಬ್ಬರ ಬಗ್ಗೆ ನಾನೇ ಬರೆದಿದ್ದೆ: 'ಇಲ್ಲಿ ಕಡಲು ಕೇವಲ ಅಲಂಕಾರವಾಗಿ ಬರುತ್ತದೆ, ಅನುಭವದ ಅಧಿಕೃತತೆ ಕಾಣುವುದಿಲ್ಲ.' ಅಡಿಯಲ್ಲಿ ಗೆರೆ ಬೇರೆ ಎಳೆದಿದ್ದೆ. ಅವರ ಕಥೆಯಲ್ಲಿ ಕಡಲು ನೆರಿಗೆ ಬಿಚ್ಚಿದ ಸೀರೆಯಾಗಿ, ಒಗ್ಗರಣೆಯ ಸದ್ದಾಗಿ, ಬಾಗಿಲ ಹೊರಗೆ ಕಾಯುವ ನೆಂಟನಾಗಿ ಬರುತ್ತದೆ. ಅವರು ಎಂದೂ ದೋಣಿ ಹತ್ತಿದವರಲ್ಲ. ಅಡುಗೆಮನೆಯ ಕಿಟಕಿಯಿಂದ ನಲವತ್ತು ವರ್ಷ ಕಡಲು ಕೇಳಿದವರು. ಆ ಕೇಳಿಕೆ ಅನುಭವವಲ್ಲ ಎಂದು ನಿರ್ಧರಿಸಿದ ನಾನೂ ಆ ಸಮಿತಿಯ ಒಂದು ಖುರ್ಚಿಯಲ್ಲೇ ಕೂತಿದ್ದೆ. ಆ ಪುಟವನ್ನು ಪೂರ್ತಿ ಹೊಡೆದು ಹಾಕಿದೆ. ಹೊಸದಾಗಿ ಬರೆಯುವುದು ಇನ್ನೂ ಆಗಿಲ್ಲ. ಮಾರ್ಗದರ್ಶಕರು ಪ್ರತಿ ತಿಂಗಳೂ ಕೇಳುತ್ತಿದ್ದಾರೆ.

ಹಾಗಾದರೆ ನನ್ನ ಸುಳಿಯಲ್ಲಿ ಅನುಭವ ಇಲ್ಲವೇ? ಇದೆ. ನಮ್ಮೂರು ಕುಂದಾಪುರದ ಹತ್ತಿರ, ಐದು ಹೊಳೆಗಳ ನೀರು ಒಟ್ಟಾಗಿ ಕಡಲು ಸೇರುವ ಅಳಿವೆಯ ಪಕ್ಕ. ಮಳೆಗಾಲದಲ್ಲಿ ಹೊಳೆಯ ಕೆನ್ನೀರು ಹೊರಗೆ ನುಗ್ಗುತ್ತದೆ, ಕಡಲು ಒಳಗೆ ನುಗ್ಗುತ್ತದೆ, ನಡುವೆ ಮರಳಿನ ದಿಬ್ಬ ಜಾಗ ಬದಲಾಯಿಸುತ್ತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, 61 ದಿನ. ಆಗ ನಾಡದೋಣಿಗಳು ಹೊರಡುವುದು ಈ ಬಾಯಿಯಿಂದಲೇ. ಚಿತ್ರದಲ್ಲಿರುವುದು ಆ ಜಾಗ. ಆ ಜಾಗಕ್ಕೂ ನಮ್ಮ ಮನೆಗೂ ಇರುವ ಸಂಬಂಧದಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ನೂರು ಪದದಲ್ಲಿ ಬರೆದು ಚಿತ್ರದ ಪಕ್ಕ ಅಂಟಿಸಿದ್ದರೆ ಅದು ಗೋಡೆಯ ಮೇಲಿರುತ್ತಿತ್ತು, ಬಹುಶಃ ಎಲ್ಲಕ್ಕಿಂತ ಎದುರಿನ ಗೋಡೆಯ ಮೇಲೆ. ಆ ಸಮಿತಿಗೆ ಹೇಳಲಿಲ್ಲ. ನಿಮಗೂ ಹೇಳುವುದಿಲ್ಲ. ಅದು ನಮ್ಮ ಮನೆಯದು. ಅದನ್ನು ಕೊಟ್ಟು ಚಿತ್ರಕ್ಕೆ ಜಾಗ ಕೊಳ್ಳುವ ವ್ಯಾಪಾರ ನನಗೆ ಬೇಡ.

ಚಿತ್ರವನ್ನು ಹಳೆಯ ಲುಂಗಿಯಲ್ಲಿ ಸುತ್ತಿ ಊರಿಗೆ ತಂದೆ. ಜಗಲಿಯ ಗೋಡೆಗೆ ಒರಗಿಸಿಟ್ಟೆ. ಅಮ್ಮ ಕೈಯೊರೆಸಿಕೊಳ್ಳುತ್ತ ಬಂದು ನೋಡಿದರು. "ಚಂದ ಇತ್ತ್ ಮಗಾ. ಆದ್ರೆ ಕಾಂಬುಕೆ ಹೆದ್ರಿಕೆ ಆತ್ತ್," ಅಂದು ಒಳಗೆ ಹೋದರು. ಅಪ್ಪಯ್ಯ ರಾತ್ರಿ ಊಟವಾದ ಮೇಲೆ ಮೊಬೈಲಿನ ಟಾರ್ಚ್ ಹಾಕಿ, ಹತ್ತಿರ ಕೂತು, ದೋಣಿಯ ಬಿರುಕು ಹುಡುಕುವ ಹಾಗೆ ಮೂಲೆಯಿಂದ ಮೂಲೆಗೆ ನೋಡಿದರು.

"ಇದ್ ಅಳಿವೆ ಅಲ್ದಾ?"

"ಹೌದ್, ಅಪ್ಪಯ್ಯ."

"ಹಂಗಾರೆ ಈ ಸುಳಿ ತಪ್ಪ್." ಎಡಗಡೆಯ ಕೆಳಗಿನ ಮೂಲೆಗೆ ಬೆರಳಿಟ್ಟರು. "ಇಳ್ತದ್ ಹೊತ್ತಿಗೆ ನೀರ್ ಇತ್ಲಾಗ್ ತಿರ್ಗುದಿಲ್ಲ."

ಯಾವ ಹೊತ್ತು ಎಂದು ನಾನು ಅವರಿಗೆ ಹೇಳಿರಲಿಲ್ಲ. ಹೊಳೆಯ ಹಸಿರು ಎಷ್ಟು ದೂರ ಹೊರಗೆ ಹೋಗಿದೆ ಎಂಬುದನ್ನು ನೋಡಿ ಅವರೇ ಲೆಕ್ಕ ಹಾಕಿದ್ದರು. ಮಾರನೆಯ ದಿನ ಬೆಳಿಗ್ಗೆ ಆ ಮೂಲೆಗೆ ಬಿಳಿ ಬಳಿದು, ಒಣಗಿದ ಮೇಲೆ ಬಳಪದಲ್ಲಿ ಹೊಸ ಗೆರೆ ಎಳೆದೆ. ಮಳೆಗಾಲದ ಗಾಳಿಗೆ ಬಣ್ಣ ಬೇಗ ಒಣಗಲಿಲ್ಲ, ಆ ಪಟ್ಟಿಯನ್ನು ಮೊದಲ ಸಲ ಒಂದೇ ಉಸಿರಿಗೆ ಎಳೆಯಲು ಆಯಿತು. ಅಪ್ಪಯ್ಯ ಎರಡನೇ ಸಲವೂ ಒಪ್ಪಲಿಲ್ಲ. ಈಗ ಮೂರನೇ ಸಲ ಬಳಿದಿದ್ದೇನೆ. ಈ ವರ್ಷದ ಪ್ರದರ್ಶನದ ಅರ್ಜಿ ಮೇಜಿನ ಮೇಲಿದೆ. ಮಾಧ್ಯಮ: ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್. ಅಳತೆ: 18×24 ಇಂಚು. ಹೆಸರು: ನೀರು. 'ಕಲಾವಿದರ ಹಿನ್ನೆಲೆ' ಎಂಬಲ್ಲಿ ಒಂದು ಗೆರೆ ಎಳೆದಿದ್ದೇನೆ.